ಅನ್ನದ ಅಕ್ಷರ

ಕೌಲ್ ಬಜಾರಿನ ಓಣಿಯಲ್ಲಿ ಮೂವತ್ತೆಂಟು ಮಿಷನ್ನು,
ಮೂಲೆಯದು ನನ್ನದು.
ಜೀನ್ಸಿನ ಸೊಂಟಕ್ಕೆ ತೊಗಲಿನ ಪಟ್ಟಿ ಹೊಲಿಯುತ್ತೇನೆ,
ದಿನಕ್ಕೆ ಆರುನೂರು.
ಈ ತಿಂಗಳ ಪಟ್ಟಿಯ ಮೇಲೆ ಇಂಗ್ಲಿಷಿನ ನಾಲ್ಕೇ ಅಕ್ಷರ.

ಒಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ದೆ.
ಏಳನೇ ಕ್ಲಾಸಿನ ಮಗಳು ‘ಕಾಲ್ಮ್’ ಎಂದು ಓದಿ, ನಾಲಿಗೆ ಕಚ್ಚಿ,
“ಅಲ್ಲಮ್ಮಾ, ಕಾಮ್.
ನಡುವಿನ ಎಲ್ಲು ಬರೆಯೋದಷ್ಟೇ, ಅನ್ನಂಗಿಲ್ಲ.”
“ಮತ್ತೆ ಅಲ್ಲೇನು ಕೆಲಸ ಅದಕ್ಕೆ?”
“ಸುಮ್ನೆ ಕುಂತಿರ್ತೈತೆ.”

ಮರುದಿನ ಮಿಷನ್ನುಗಳ ಗದ್ದಲದಲ್ಲಿ ಕೂಗಿ ಹೇಳಿದೆ.
ಖಾಜಾಬಿ ದಾರ ಕಚ್ಚಿ ಹರಿದು, “ಕಾಮ್?
ಹದಿನಾಲ್ಕು ವರ್ಷದಿಂದ ಅದನ್ನೇ ಮಾಡಾಕತ್ತೀನಿ,
ಸೊಂಟಕ್ಕೆ ಬೇರೆ ಕಟ್ಕಂಡು ತಿರುಗ್ತಾರಾ?”
ಹುಲಿಗೆಮ್ಮ ಬಾಯಿಗೆ ಸೆರಗು ಒತ್ತಿಕೊಂಡು,
“ಹೋಳಿಗೆ ಸುಟ್ಟಿದ್ವಲ್ಲ, ಅವನೇ ಏನು?
ಬೂದಿಯಾದ್ರೂ ಸೊಂಟ ಬಿಡಲಿಲ್ಲ ನೋಡು!”
ಕಟಿಂಗ್ ಮಾಸ್ತರ ಕತ್ತೆತ್ತಿ ನೋಡುವಷ್ಟು ನಕ್ಕೆವು.

ಅರ್ಥವನ್ನು ಮಗಳು ನಿಘಂಟಿನಿಂದ ಬರೆದುಕೊಟ್ಟಿದ್ದಳು:
ಗಾಳಿಯಿಲ್ಲದ ಸಮುದ್ರ.
ಸಮುದ್ರ ನಾವು ನೋಡಿಲ್ಲ.
ಗಾಳಿಯಿಲ್ಲದ್ದು ಗೊತ್ತು, ಏಪ್ರಿಲ್ಲಿನ ಮಧ್ಯಾಹ್ನ,
ಕೋಟೆಗುಡ್ಡ ಕಾದ ಹೆಂಚಾಗಿ ಊರ ಮೇಲೆ ಕೂತಾಗ.
ಅದಕ್ಕೆ ನಾವಿಟ್ಟ ಹೆಸರು ಬೇರೆ, ಇಲ್ಲಿ ಬರೆಯಲಾರೆ.
ಶಾಂತ ಎಂದೂ ಇತ್ತು: ಅದು ಕ್ಯಾಲೆಂಡರಿನ ದೇವರ ಮುಖದ್ದು.
ಸಮಾಧಾನ: ಸತ್ತ ಮನೆಯಲ್ಲಿ ಹೇಳುತ್ತಾರೆ,
ರೇಷನ್ನಿನ ಸಾಲಿನಲ್ಲೂ.
ನನ್ನವ್ವ ತಲೆ ಮೇಲೆ ಕೈಯಿಟ್ಟು ‘ತಣ್ಣಗಿರು’ ಅನ್ನುತ್ತಿದ್ದಳು,
ನಿಘಂಟಿನಲ್ಲಿ ಅದಿರಲಿಲ್ಲ.
ಈ ಬಿಸಿಲಲ್ಲೇ ಹುಟ್ಟಿದ ಮಾತು;
ಸಮುದ್ರ ಬೇಕಿಲ್ಲ, ಒಂದು ಹರವಿ ನೀರು ಸಾಕು ಅದಕ್ಕೆ.

ಗುರುವಾರ ಖಾಜಾಬಿಯ ತೋರುಬೆರಳಿಗೆ ಸೂಜಿ ಇಳಿಯಿತು,
ಉಗುರು ದಾಟಿ, ಕೆಳಗಿನ ಡೆನಿಮ್ಮಿನ ತನಕ.
ಚೀರಿದವರು ನಾವು.
ಯಾರೋ ಮೇನ್ ಸ್ವಿಚ್ಚು ಎಳೆದರು,
ಮೂವತ್ತೆಂಟೂ ಒಮ್ಮೆಲೇ ನಿಂತವು.
ಎಡಗೈ ಅಲ್ಲೇ ಬಿಟ್ಟು, ಬಲಗೈಯಲ್ಲಿ ಚಕ್ರ ಹಿಡಿದು
ಇಷ್ಟು, ಮತ್ತಿಷ್ಟು, ತಿರುಗಿಸಿದಳು ಖಾಜಾಬಿ,
ಮಲಗಿದ ಕೂಸಿನ ಕೆಳಗಿಂದ
ಸೀರೆ ಎಳೆದುಕೊಳ್ಳುವ ಹಾಗೆ.
ಚಕ್ರದ ಒಂದೊಂದು ಹಲ್ಲೂ ಕೇಳಿಸಿತು.
ಸೂಜಿ ಮೇಲೆ ಬಂದಾಗ
“ದಾರ ಹರಿದಿಲ್ಲ” ಅಂದಳು.

ಹತ್ತು ನಿಮಿಷಕ್ಕೆ ಮಿಷನ್ನುಗಳು ಮತ್ತೆ ಶುರು.
ಅವಳದೂ.

ರಾತ್ರಿ ಮಗಳು, “ಹೇಳಿದೇನಮ್ಮಾ ಅವರಿಗೆ ಅರ್ಥ?”
ಪಟ್ಟಿಯ ಮೇಲೆ ಬೆರಳಾಡಿಸಿದೆ.
ಗುಂಡುಗುಂಡಗಿನ ಅಕ್ಷರಗಳ ನಡುವೆ ಎಲ್ಲು,
ನೆಟ್ಟಗೆ, ಸೂಜಿಯಷ್ಟು ಸಣ್ಣಗೆ.
ನಾನೂ ಅದನ್ನು ಅನ್ನಲಿಲ್ಲ.