ಕಾಲಿಗೆರಡು ಇಟ್ಟಿಗೆ

ಕೋಲಾರದ ಮಂಡಿಯಲ್ಲಿ ಇಪ್ಪತ್ತೆರಡು ವರ್ಷ
ಬಾಕ್ಸುಗಳ ಸಾಲಿನ ಮೇಲೆ ನಿಂತು ಏಲಂ ಕೂಗಿದವನು ನಾನು.
ಇನ್ನೂರಾ ಹತ್ತು, ಇನ್ನೂರಾ ಇಪ್ಪತ್ತು, ಯಾರಿನ್ನೂ...
ಒಂದು ಬೆಳಿಗ್ಗೆ ಇಪ್ಪತ್ತರ ಮೇಲೆ ಮೂವತ್ತು ಬರಲಿಲ್ಲ.
ಬಂದದ್ದು ಹುಳಿ.

ಮೊದಲು ಟೊಮೆಟೊ ಮೇಲೆ ಅನುಮಾನ,
ಆಮೇಲೆ ಉಪ್ಪಿನಕಾಯಿ,
ಆಮೇಲೆ, ತಪ್ಪಾಯಿತು, ಅಲಮೇಲು ಮಾಡುವ ಬಸ್ಸಾರು.
ಖಾಲಿ ಹೊಟ್ಟೆಗೊಂದು ಮಾತ್ರೆ, ಎಂಟು ವರ್ಷ.
ಅದು ಕೆಂಡಕ್ಕೆ ಬೂದಿ ಮುಚ್ಚಿತೇ ಹೊರತು
ಉಕ್ಕಿ ಬರುವುದನ್ನು ತಡೆಯಲಿಲ್ಲ.
ಮಂಚದ ತಲೆಗಡೆಯ ಕಾಲುಗಳಿಗೆ ಎರಡೆರಡು ಇಟ್ಟಿಗೆ;
ರಾತ್ರಿಯೆಲ್ಲ ಇಳಿಜಾರಿನಲ್ಲಿ ನಿಲ್ಲಿಸಿದ ಲಾರಿ ನಾನು,
ಬೆಳಗಾಗುವಷ್ಟರಲ್ಲಿ ಪಾದ ಮಂಚದಾಚೆ.

ಅಂತರಗಂಗೆಯ ಕಲ್ಲುಬಸವನ ಬಾಯಿಂದ
ಬಿರುಬೇಸಿಗೆಯಲ್ಲೂ ನೀರು, ಎಲ್ಲಿಂದ ಅಂತ ಯಾರಿಗೂ ಗೊತ್ತಿಲ್ಲ.
ನನ್ನದು ಎಲ್ಲಿಂದ ಅಂತ ಡಾಕ್ಟರ್ ಶಹನಾಜ್ ಪರದೆಯಲ್ಲಿ ತೋರಿಸಿದರು:
ಹೊಟ್ಟೆಯ ಕತ್ತಿನಲ್ಲೊಂದು ಬಾಗಿಲು,
ವಾಚ್‌ಮನ್ ಟೀ ಕುಡಿಯಲು ಹೋದ ಗೇಟಿನಂತೆ
ಅರ್ಧ ಹಾಕಿದ್ದು, ಅರ್ಧ ಬಿಟ್ಟದ್ದು.

"ಕೊಯ್ಯಬೇಕಾ ಮೇಡಂ?"
"ಬೇಡ. ಬಾಯಿಂದಲೇ ಇಳಿದು, ಒಳಗೇ ಮಡಚಿ,
ಸೀರೆಗೆ ನಿರಿಗೆ ಹಿಡಿದು ಪಿನ್ನು ಹಾಕಿದ ಹಾಗೆ ಬಿಗಿಯುತ್ತೇವೆ.
ಸಣ್ಣಗೆ ಕಾವು ಕೊಟ್ಟು ಸ್ನಾಯು ಗಟ್ಟಿ ಮಾಡುವುದೂ ಒಂದಿದೆ.
ವಪೆಯ ಕಂಡಿ ಅಗಲವಾಗಿದ್ದರೆ ಇವೆರಡೂ ಸಾಲದು,
ಹೊಟ್ಟೆಗೆ ತೂತು ಕೊರೆಯಲೇಬೇಕು.
ನಿಮ್ಮದು ಸಣ್ಣದು. ಪುಣ್ಯ."
ಪುಣ್ಯದ ಅಳತೆ ಎರಡು ಸೆಂಟಿಮೀಟರಿಗಿಂತ ಕಮ್ಮಿ
ಅಂತ ಅವತ್ತು ತಿಳಿಯಿತು.

"ಗ್ಯಾರಂಟಿ?" ಅಂದೆ. ವ್ಯಾಪಾರದ ಬಾಯಿ.
"ಟೊಮೆಟೊಗೆ ನೀವು ಕೊಡ್ತೀರಾ?
ಕೆಲವರಿಗೆ ಹತ್ತು ವರ್ಷ, ಕೆಲವರಿಗೆ ಮೂರಕ್ಕೇ ಸಡಿಲ, ಮತ್ತೆ ಮಾತ್ರೆ."
ಕೊಳೆತದ್ದನ್ನು ಮೇಲಿಟ್ಟೇ ದರ ಹೇಳಿದವರನ್ನು
ಮಂಡಿಯಲ್ಲಿ ನಾನು ಕಂಡಿಲ್ಲ.

ಎಚ್ಚರವಾದಾಗ ಅಲಮೇಲು ಹೊದಿಕೆ ಎತ್ತಿ ಹುಡುಕುತ್ತಿದ್ದಳು.
ಹೊಲಿಗೆಯಿಲ್ಲ, ಪಟ್ಟಿಯಿಲ್ಲ, ಗೀರೂ ಇಲ್ಲ.
"ಇಷ್ಟು ದುಡ್ಡು ತಗೊಂಡು
ಒಂದು ಗುರುತಾದರೂ ಬೇಡವಾ" ಅಂದಳು.
ನಗಲು ಹೋದೆ, ಎದೆಯ ಹಿಂದೆ ಯಾರೋ ಜಗ್ಗಿದರು.

ಎರಡು ವಾರ ಸೋಸಿದ ಅಂಬಲಿ.
ಆರು ವಾರ ಕೂಗುವಂತಿಲ್ಲ, ಬಾಕ್ಸು ಎತ್ತುವಂತಿಲ್ಲ.
ಚೀಟಿ ಬರೆಯುವ ಗಂಗರತ್ನ ನನ್ನ ಜಾಗಕ್ಕೆ ಹತ್ತಿದಳು;
ಕೆಳಗೆ ನಿಂತು ನಾನು ಬೆರಳು ತೋರಿಸಿದೆ,
ಮೂರನೇ ದಿನಕ್ಕೆ ಅವಳು ಬೆರಳ ಕಡೆ ನೋಡಲೇ ಇಲ್ಲ.
ಇನ್ನೂರಾ ಮೂವತ್ತು. ಇನ್ನೂರಾ ನಲವತ್ತು.
ನಾನಿಲ್ಲದೆಯೂ ಟೊಮೆಟೊ ಒಳ್ಳೆ ದರಕ್ಕೆ ಹೋಯಿತು.
ಆ ಉರಿಗೆ ಶಹನಾಜ್ ಮೇಡಂ ಹತ್ತಿರ ಏನೂ ಇಲ್ಲ.

ನಿನ್ನೆ ರಾತ್ರಿ ಕಾಲಿಗೊಂದರಂತೆ ಇಟ್ಟಿಗೆ ತೆಗೆದೆವು.
ಮಲಗಿ, ಕಾದೆ.
ಹನ್ನೆರಡರ ಮೇಲೆ ಕೆಳಗಿನಿಂದ ಏನೋ ಹತ್ತಿ ಬಂದು
ಬಾಗಿಲ ಬಳಿ ನಿಂತು
ಹಿಂತಿರುಗಿತು.

ಉಳಿದ ಇಟ್ಟಿಗೆ?
"ಇರಲಿ ಬಿಡಿ" ಅಂದಳು ಅಲಮೇಲು
ಆ ಕಡೆ ಹೊರಳಿ.