ಹತ್ತರ ಪಕ್ಕ ಹದಿಮೂರು

ಶುಕ್ರವಾರ ಸಂಜೆ ಆರಕ್ಕೆ ಸರ್ವರ್ ಆರುತ್ತದೆ
ಎಂದು ನೋಟೀಸು. ಮೀನುಡಬ್ಬಿಯ ಕಾರ್ಖಾನೆಗೆ
ಬೀಗ ಬಿದ್ದು ವರ್ಷವಾಯಿತು; ಉಳಿದದ್ದು
ಲಿಯೆಪಾಯದ ಯಾವ ಬೀದಿಯಲ್ಲೂ ಇಲ್ಲದ ಒಂದು ವಿಳಾಸ,
ಒಳಗೆ ಆರುನೂರ ಹನ್ನೆರಡು ಫೋಟೋ.

ನನ್ನ ಕೆಳಮನೆಯ ಸ್ಕೈದ್ರೀತೆ
ಅಲ್ಲಿ ಲೆಕ್ಕ ಬರೆದವಳು, ಇಪ್ಪತ್ತಾರು ವರ್ಷ.
ಒಂದೊಂದನ್ನೂ ಬಲಗುಂಡಿ ಒತ್ತಿ ಉಳಿಸಲು
ಬೆರಳಿನ ಗಂಟುಗಳು ಒಪ್ಪುವುದಿಲ್ಲ.
ಗ್ರಂಥಾಲಯದ ಪರ್ಲ್ ಪುಸ್ತಕ,
ಪುಟ ತೊಂಬತ್ತರಲ್ಲಿ ಯಾರದೋ ಕಾಫಿಯ ಉಂಗುರ,
ಅಲ್ಲಿಂದ ಹನ್ನೊಂದು ಸಾಲು ಎತ್ತಿಕೊಂಡಳು:
ಪುಟ ತೆರೆ, ಚಿತ್ರದ ಗುರುತು ಕಂಡಲ್ಲಿ ನಿಲ್ಲು,
ಕೊಂಡಿ ಹಿಡಿ, ತಾ, ಹೆಸರು ಕೊಟ್ಟು ಇಡು,
ಎರಡು ಸೆಕೆಂಡು ಮಲಗು. ಮತ್ತೆ ಏಳು.

ಆ ಎರಡು ಸೆಕೆಂಡು ಬರೆಯುವಾಗ ನಕ್ಕಳಂತೆ.
ಡಬ್ಬಿ ಸಾಗಿಸುವ ಪಟ್ಟಿ ಒಮ್ಮೆಯಾದರೂ
ಯಾರಿಗಾದರೂ ಕೊಟ್ಟಿತ್ತೇ ಅಷ್ಟು ನಿದ್ದೆ?

ಬೆಳಗ್ಗೆ ಎಲ್ಲ ಬಂದಿದ್ದವು. ತೆರೆದರೆ
ಹಣೆಯವರೆಗೆ ವಿಲ್ಮಾ, ಕೆಳಗೆ ಬೂದಿ ಪಟ್ಟೆ.
ಟೋಪಿಯವರೆಗೆ ಫೋರ್‌ಮನ್, ಕೆಳಗೆ ಬೂದಿ.
ಸಮುದ್ರವೂ ಅರ್ಧಕ್ಕೆ ಹರಿದಿತ್ತು.

ಲೆಕ್ಕದವಳಲ್ಲವೇ, ಕೂತು ಬೈಟ್ ಎಣಿಸಿದಳು.
ಹತ್ತು ಎಂಬ ಅಂಕಿ ಇದ್ದಲ್ಲೆಲ್ಲ
ಪಕ್ಕದಲ್ಲೊಂದು ಹದಿಮೂರು, ಕರೆಯದೆ ಬಂದ ನೆಂಟ.
ವಿಂಡೋಸ್ ಇದನ್ನು ಬರಹವೆಂದುಕೊಂಡಿದೆ,
ವಿಲ್ಮಾಳ ಮೂಗಿನ ಹತ್ತಿರ ಸಾಲು ಮುಗಿಯಿತೆಂದು
ಸಾಲು ಮುರಿದಿದೆ, ಬಹಳ ವಿನಯದಿಂದ.

ಸೇರಿಸಬೇಕಿದ್ದದ್ದು ಒಂದೇ ಪದ: ಬಿನ್‌ಮೋಡ್.
ಅಂದರೆ, ಓದಬೇಡ. ತಿದ್ದಬೇಡ.
ಕೊಟ್ಟದ್ದನ್ನು ಕೊಟ್ಟ ಹಾಗೇ ಇಡು.
ಈ ಮಾತು ಯಾವತ್ತೋ ಯಾರಿಗೋ ಹೇಳಬೇಕಿತ್ತು, ಎಂದಳು.
ಯಾರಿಗೆ ಎಂದು ನಾನು ಕೇಳಲಿಲ್ಲ.

ಗುರುವಾರ ನಡುರಾತ್ರಿಯವರೆಗೂ ಅವಳ ಕಿಟಕಿಯಲ್ಲಿ ದೀಪ.
ಐನೂರ ತೊಂಬತ್ತೆಂಟು ನೆಟ್ಟಗೆ ಬಂದವು:
ರಬ್ಬರು ಬೂಟು, ಹೊಗೆಗೂಡು, ತಟ್ಟೆ ತುಂಬ ಸಣ್ಣ ಮೀನು,
ವಿಲ್ಮಾಳ ಬಾಯಿ, ಅದರಲ್ಲಿ ಸಿಗರೇಟು.
ಹದಿನಾಲ್ಕು ಮಾತ್ರ ಒಂದೇ ತೂಕ, ಒಂದು ಕೆಬಿ.
ಬಾಲದಲ್ಲಿ ಜೆಪೆಗ್, ಹೊಟ್ಟೆಯಲ್ಲಿ
'ಕೇಳಿದ ಪುಟ ಸಿಗಲಿಲ್ಲ' ಎಂಬ ವಾಕ್ಯ.
ಹೆಸರುಗಳನ್ನು ಓದಿದೆ: ಲೆಕ್ಕದ ಕೋಣೆ ಒಂದು,
ಲೆಕ್ಕದ ಕೋಣೆ ಎರಡು, ಲೆಕ್ಕದ ಕೋಣೆ ಮೂರು...

ಅಳಿಸಿಬಿಡೋಣವೇ, ಎಂದೆ.
ಹಳೆ ಖಾತೆ ಪುಸ್ತಕ ಎಳೆದುಕೊಂಡು
ಆರುನೂರ ಹನ್ನೆರಡು ಎಂದೇ ಬರೆದಳು,
ಲೆಕ್ಕ ಕೂಡಬೇಕು, ಎಂದು ಚಹಾಕ್ಕೆ ನೀರಿಟ್ಟಳು.

ಶುಕ್ರವಾರ ಆರಕ್ಕೆ ಇಬ್ಬರೂ ವಿಳಾಸ ಒತ್ತಿ ನೋಡಿದೆವು.
ಇನ್ನೂ ಇತ್ತು.
ಆರು ಹತ್ತಕ್ಕೂ ಇತ್ತು.
ಆರು ಹದಿಮೂರಕ್ಕೆ ಇರಲಿಲ್ಲ.