ಕುರುಡು ತೂತು

ಅಪ್ಪ ಕೆತ್ತುತ್ತಿದ್ದುದು ಬಿಳಿಯ ಕಲ್ಲು,
ಎಸ್ಕಿಶೆಹಿರ್‌ನ ಹೊರಗೆ ನೆಲದಾಳದಿಂದ ಅಗೆದು ತಂದದ್ದು;
ಹೆಸರು ಮಾತ್ರ ಕಡಲ ನೊರೆ.
ಕಡಲೋ, ಬಸ್ಸಿನಲ್ಲಿ ಮೂರು ಗಂಟೆಯ ದೂರ.
ಹಸಿಯಿದ್ದಾಗ ಚಾಕುವಿಗೆ ಗಿಣ್ಣಿನಂತೆ ಒಪ್ಪುವ ಕಲ್ಲನ್ನು
ಒದ್ದೆ ಬಟ್ಟೆ ಸುತ್ತಿ ಮಲಗಿಸುತ್ತಿದ್ದ, ಜ್ವರದ ಮಗುವನ್ನು ಮಲಗಿಸಿದ ಹಾಗೆ.
ಚಿಲುಮೆಯಾದ ಮೇಲೆ ಜೇನುಮೇಣದಲ್ಲಿ ಅದ್ದಿ
ತುಟಿಗಿಟ್ಟು ಒಂದು ಸಲ ಊದುತ್ತಿದ್ದ.
ಹೊಗೆ ಹೋಗುವ ದಾರಿ ಹೊಗೆಗಿಂತ ಮೊದಲು
ಉಸಿರಿಗೆ ಗೊತ್ತಾಗಬೇಕು, ಎನ್ನುತ್ತಿದ್ದ ರಾಸಿಮ್ ಉಸ್ತಾ.

ನನ್ನದೂ ಮೇಣದಿಂದಲೇ ಶುರುವಾಗುವ ಕಸುಬು.
ಮೇಣದ ಅಲಗು, ಅದಕ್ಕೆ ಮಣ್ಣಿನ ಅಂಗಿ,
ಮೇಣ ಕರಗಿ ಹರಿದುಹೋದ ಖಾಲಿಯಲ್ಲಿ ಲೋಹದ ಎರಕ.
ಬುಡದಲ್ಲೊಂದು ಹಂದಿಬಾಲದಂಥ ಸುರುಳಿ:
ಸಾವಿರ ಹರಳು ಒಳಹೊಕ್ಕು, ತಿರುವಿನಲ್ಲಿ ನೂಕಾಡಿ,
ಒಂದೇ ಒಂದು ಮೇಲೇರಿ ಬರುತ್ತದೆ.
ಇಡೀ ಅಲಗು ಆ ಒಂದೇ ಹರಳು. ಬೆರಳುದ್ದ.
ಅದು ನಿಲ್ಲಬೇಕಾದ್ದು ತನ್ನನ್ನೇ ಕರಗಿಸಬಲ್ಲ ಬಿಸಿಗಾಳಿಯಲ್ಲಿ;
ಬದುಕುವುದು ಮೈತುಂಬ ಕೊರೆದ ತೂತುಗಳಿಂದ,
ತೂತಿಗೊಂದು ತಣ್ಣನೆಯ ಉಸಿರು.
ತಣ್ಣನೆ ಎಂದರೆ ನಮ್ಮ ಲೆಕ್ಕದಲ್ಲಿ ಆರುನೂರು ಡಿಗ್ರಿ.
ಅವರವರ ತಂಪು ಅವರವರಿಗೆ.

ಆ ಚಳಿಗಾಲ ಅಂಕಾರಾದಿಂದ ಬಂದವರು ಹೇಳಿದರು:
ವಿಮಾನ ರಾಡಾರಿನ ಕಣ್ಣಿಗೆ ಬೀಳಬಾರದು,
ಅದಕ್ಕೇ ಗಾಳಿಯ ಕೊಳವೆಯನ್ನು ಹಾವಿನಂತೆ ಬಾಗಿಸಿದ್ದೇವೆ;
ಬಾಗಿ ಬಂದ ಗಾಳಿ ಎಂಜಿನ್ ಮುಟ್ಟುವಷ್ಟರಲ್ಲಿ ದಣಿದಿರುತ್ತದೆ.
ಹಿಂಬದಿಯ ಬಾಯಿಗೆ ಗರಗಸದ ಹಲ್ಲು, ಅಲ್ಲೂ ಒಂದಿಷ್ಟು ನಷ್ಟ.
ಹೋದ ನೂಕುಬಲ ಬೆಂಕಿಯಿಂದಲೇ ಬರಬೇಕು.
ಇನ್ನು ನಲವತ್ತು ಡಿಗ್ರಿ.
ಬಾಯಲ್ಲಿ ಹೇಳುವಾಗ ನಲವತ್ತು ಎಷ್ಟು ಹಗುರ!
ಜುಲೈ ಮಧ್ಯಾಹ್ನಕ್ಕೂ ಅಷ್ಟಿರುತ್ತದೆ.

ಪರೀಕ್ಷೆಯ ಕೋಣೆ. ಗೋಡೆಯಾಚೆ ಎಂಜಿನ್ನು,
ಕಂಬಕ್ಕೆ ಬಿಗಿದ ಹೋರಿ.
ಹನ್ನೊಂದನೆಯ ಗಂಟೆಗೆ ಸದ್ದಿನಲ್ಲೊಂದು ಸೀಳು,
ನೂಕಿನ ಮುಳ್ಳು ಕುಸಿಯಿತು; ತುರ್ಗುತ್ ಬೇ ಗುಂಡಿ ಒತ್ತಿದ.
ಬಿಚ್ಚಿದಾಗ ಅರವತ್ತರಲ್ಲಿ ಒಂದು ಅಲಗು
ತುದಿ ಕಮರಿ, ಕಚ್ಚಿ ತಿಂದ ಉಗುರಿನಂತೆ.

ಅದಕ್ಕೆ ಸಹಿ ಹಾಕಿದ್ದು ನಾನು, ನೆಸ್ಲಿಹಾನ್.
ಗಾಳಿಯ ಅಳತೆ ಸರಿಯಿತ್ತು: ಒಟ್ಟು ಹರಿವು, ಮಿತಿಯೊಳಗೆ.
ಒಟ್ಟು. ಆ ಮಾತಿನ ಮರೆಯಲ್ಲೇ ಕೂತಿತ್ತು.
ಒಂದು ತೂತು ಕುರುಡು; ಪಕ್ಕದ್ದು ಕೊಂಚ ಅಗಲವಾಗಿ
ಅದರ ಪಾಲನ್ನೂ ತಾನೇ ಉಸಿರಾಡಿ
ಲೆಕ್ಕ ಸರಿದೂಗಿಸಿತ್ತು,
ಗಂಡನ ಕುಡಿತ ಮುಚ್ಚಿಡುವ ಹೆಂಡತಿಯ ಹಾಗೆ.

ಸಂಜೆ ಮನೆಯಲ್ಲಿ ಏನೂ ಹೇಳುವಂತಿಲ್ಲ,
ಬಾಯಿಗೆ ಬೀಗ ಎಂದು ಬರೆದುಕೊಟ್ಟಿದ್ದೇನೆ.
ಅಪ್ಪನ ಕೈ ಈಗ ನಡುಗುತ್ತದೆ; ಕೆತ್ತುವುದಿಲ್ಲ.
ಯಾರೋ ರಿಪೇರಿಗೆ ಬಿಟ್ಟುಹೋದ ಚಿಲುಮೆಯ ಬಾಯನ್ನು
ಹೆಬ್ಬೆರಳಿಂದ ಮುಚ್ಚಿ, ಬೋಗುಣಿಯ ನೀರಿನಲ್ಲಿ ಅದ್ದಿ
ಊದುತ್ತ ಕೂತಿದ್ದ, ಬಿರುಕು ಹುಡುಕಲು:
ಗುಳ್ಳೆ ಎಲ್ಲಿ ಬರುತ್ತದೆ?
ಅವನು ನೋಡಿದ್ದು ಅದನ್ನು.
ಎಲ್ಲಿ ಬರಲಿಲ್ಲವೋ, ನಾನು ಅದನ್ನು.

ಮರುದಿನ ಒಂದು ಗಾಜಿನ ಪೆಟ್ಟಿಗೆ, ನೀರು, ಸಣ್ಣ ಪಂಪು.
ತುರ್ಗುತ್ ಬೇ ನಕ್ಕ: ಇದೇನು, ಮೀನು ಸಾಕುತ್ತೀಯಾ?
ಮುನ್ನೂರು ಅಲಗು ಅದ್ದಿದೆ. ನಾಲ್ಕು ಕುರುಡು ಸಿಕ್ಕವು.
ಮೂರಕ್ಕೆ ನನ್ನದೇ ಸಹಿ.

ವಸಂತಕ್ಕೆ ಮೂವತ್ತೊಂದು ಡಿಗ್ರಿ ದಕ್ಕಿತು.
ಉಳಿದ ಒಂಬತ್ತು ಇನ್ನೂ ದಕ್ಕಿಲ್ಲ.

ಭಾನುವಾರ ಪೊರ್ಸುಕ್ ಹೊಳೆಯ ಮೇಲೆ
ವಾಯುನೆಲೆಯ ಹಳೆಯ ಜೆಟ್ಟೊಂದು ಹಾದುಹೋಗಿ
ಟೀ ಲೋಟ ತಟ್ಟೆಯಲ್ಲಿ ಗಲಗಲಿಸಿತು, ಅಪ್ಪನ ಕೈಯಷ್ಟೇ.
ನೀವು ಮಾಡುತ್ತಿರುವುದು ಕಾಣದ ವಿಮಾನವಂತೆ?
ಪತ್ರಿಕೆಯಲ್ಲಿ ಓದಿದ್ದ.
ನಾನು ಸಕ್ಕರೆ ಕದಡಿದೆ.
ಕಾಣದ್ದು ಬಂದರೆ ಕೆಳಗಿದ್ದವರಿಗೆ
ಓಡಬೇಕೆಂದು ಹೇಗೆ ತಿಳಿಯುತ್ತೆ, ಮಗಳೇ?
ಕದಡುತ್ತಲೇ ಇದ್ದೆ.
ಸಕ್ಕರೆ ಯಾವಾಗಲೋ ಕರಗಿಹೋಗಿತ್ತು.